ಪ್ರಲಾಪದ ಮಾರ್ಗವಾಗಿ ನಿರೀಕ್ಷೆಗೆ: ಪ್ರಲಾಪಗಳ ಗ್ರಂಥ ಮತ್ತು ಪಾಲನಾ ಸೇವೆ

ಪೀಠಿಕೆ

ಸಭಾಪಾಲಕನ ಕರ್ತವ್ಯಗಳಲ್ಲಿ ಮರಣ ಸಂಭವಿಸಿದ ಮನೆಯ ಹೊಸ್ತಿಲನ್ನು ದಾಟಿ ಒಳಗೆ ಹೋಗುವುದು ಅತ್ಯಂತ ಕಠಿಣವಾದದ್ದು. ಪ್ರಸಂಗಪೀಠದಲ್ಲಿ ಸರಾಗವಾಗಿ ಹರಿಯುವ ಮಾತುಗಳು ಶವಪೆಟ್ಟಿಗೆಯ ಮುಂದೆ ಸೊರಗುತ್ತವೆ. ಆದರೂ ಏನನ್ನಾದರೂ ಹೇಳಲೇಬೇಕೆಂಬ ಒತ್ತಡದಿಂದ ಮೂರು ವಾಕ್ಯಗಳು ನಮ್ಮ ಸಭೆಗಳಲ್ಲಿ ಪದೇ ಪದೇ ಕೇಳಿಬರುತ್ತವೆ: ಇದು ದೇವರ ಚಿತ್ತ, ಅವರು ನಮಗಿಂತ ಒಳ್ಳೆಯ ಸ್ಥಳದಲ್ಲಿದ್ದಾರೆ, ವಿಶ್ವಾಸಿಗಳಾದವರು ಹೀಗೆ ಅಳಬಾರದು. ಮೊದಲನೆಯ ಎರಡು ವಾಕ್ಯಗಳಲ್ಲಿ ಸತ್ಯಾಂಶವಿರಬಹುದು. ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಆಡಿದ ಸತ್ಯವು ಗಾಯಕ್ಕೆ ಮುಲಾಮಾಗದೆ ಉಪ್ಪಾಗುತ್ತದೆ. ಮೂರನೆಯ ವಾಕ್ಯವಾದರೋ ಸತ್ಯವೇ ಅಲ್ಲ.

ಈ ಮೂರನೆಯ ವಾಕ್ಯಕ್ಕೆ ಆಧಾರವಾಗಿ ಸಾಮಾನ್ಯವಾಗಿ ಎತ್ತಿ ತೋರಿಸುವ ವಚನ 1 ಥೆಸಲೋನಿಕ 4:13. ಆದರೆ ಆ ವಚನದಲ್ಲಿ ಪೌಲನು ದುಃಖವನ್ನೇ ನಿಷೇಧಿಸುವುದಿಲ್ಲ. ನಿರೀಕ್ಷೆಯಿಲ್ಲದವರು ದುಃಖಿಸುವ ರೀತಿಗೂ ನಿರೀಕ್ಷೆಯುಳ್ಳವರು ದುಃಖಿಸುವ ರೀತಿಗೂ ವ್ಯತ್ಯಾಸವಿರಬೇಕೆಂಬುದು ಅವನ ಬೋಧನೆ. ಅಂದರೆ ವಿಶ್ವಾಸಿಯೂ ದುಃಖಿಸುತ್ತಾನೆ. ಅವನ ದುಃಖಕ್ಕೆ ಒಂದು ದಿಕ್ಕಿದೆ, ಅಷ್ಟೇ. ಹಾಗಾದರೆ ನಿರೀಕ್ಷೆಯುಳ್ಳ ದುಃಖದ ಸ್ವರೂಪವೇನು? ಅದರ ಭಾಷೆ ಯಾವುದು? ಈ ಪ್ರಶ್ನೆಗೆ ಉತ್ತರವನ್ನು ಸತ್ಯವೇದದ ಒಂದು ಕಿರುಗ್ರಂಥದಲ್ಲಿ ಹುಡುಕುವುದು ಈ ಲೇಖನದ ಉದ್ದೇಶ. ಪ್ರಲಾಪಗಳ ಗ್ರಂಥವು ನಮಗೆ ಕಲಿಸುವುದೇನೆಂದರೆ, ಕ್ರೈಸ್ತ ನಿರೀಕ್ಷೆಯ ದಾರಿ ದುಃಖವನ್ನು ಬಳಸಿಕೊಂಡು ಹೋಗುವುದಿಲ್ಲ; ದುಃಖವನ್ನು ದೇವರ ಸನ್ನಿಧಿಗೆ ಹೊತ್ತುಕೊಂಡು ಹೋಗುವವರಿಗೆ ಅಲ್ಲಿಯೇ ಅದು ದೊರೆಯುತ್ತದೆ.

1. ಗ್ರಂಥದ ಹಿನ್ನೆಲೆ ಮತ್ತು ರಚನೆ

ಕ್ರಿ.ಪೂ. 587ರಲ್ಲಿ (ಕೆಲವು ವಿದ್ವಾಂಸರ ಲೆಕ್ಕದಂತೆ 586ರಲ್ಲಿ) ಬಾಬೆಲಿನ ಅರಸನಾದ ನೆಬೂಕದ್ನೆಚ್ಚರನ ಸೈನ್ಯವು ಯೆರೂಸಲೇಮನ್ನು ವಶಪಡಿಸಿಕೊಂಡಿತು. ಒಂದೂವರೆ ವರ್ಷಕ್ಕೂ ಮಿಕ್ಕಿದ ಮುತ್ತಿಗೆ, ಅದರೊಳಗಿನ ಭೀಕರ ಕ್ಷಾಮ, ಗೋಡೆಗಳ ಬಿರುಕು, ದೇವಾಲಯದ ದಹನ, ಅರಸನ ಸೆರೆ, ಜನರ ಗಡೀಪಾರು: ಇವೆಲ್ಲವನ್ನು 2 ಅರಸುಗಳು 25ನೆಯ ಅಧ್ಯಾಯವು ವರದಿಯ ಧಾಟಿಯಲ್ಲಿ ದಾಖಲಿಸುತ್ತದೆ. ಅಲ್ಲಿ ನಾವು ಘಟನೆಯನ್ನು ತಿಳಿಯುತ್ತೇವೆ. ಪ್ರಲಾಪಗಳಲ್ಲಿ ಅದೇ ಘಟನೆಯ ಅಳುವನ್ನು ಕೇಳುತ್ತೇವೆ. ಇಸ್ರಾಯೇಲ್ಯರು ಅಂದು ಕಳೆದುಕೊಂಡದ್ದು ಒಂದು ಪಟ್ಟಣವನ್ನು ಮಾತ್ರವಲ್ಲ. ದೇವರು ವಾಗ್ದಾನಮಾಡಿದ ದೇಶ, ದಾವೀದನ ಸಿಂಹಾಸನ, ದೇವರು ವಾಸಿಸುತ್ತಾನೆಂದು ನಂಬಿದ್ದ ಆಲಯ, ಈ ಮೂರು ಒಟ್ಟಿಗೆ ಕುಸಿದವು. ನಂಬಿಕೆಯು ಒರಗಿಕೊಂಡಿದ್ದ ಕಂಬಗಳೇ ಉರುಳಿದಾಗ ನಂಬುವುದು ಹೇಗೆಂಬುದೇ ಆ ಜನರ ಪ್ರಶ್ನೆಯಾಯಿತು.

ಗ್ರಂಥದ ಹೀಬ್ರು ಹೆಸರು ‘ಏಖಾ’. ಅದು ಗ್ರಂಥದ ಮೊದಲನೆಯ ಪದ, ‘ಅಯ್ಯೋ, ಹೇಗಾಯಿತು!’ ಎಂಬ ಉದ್ಗಾರ ಅದರ ಅರ್ಥ. ಗ್ರಂಥದಲ್ಲಿ ಕರ್ತೃವಿನ ಹೆಸರು ಇಲ್ಲ. ಯೆರೆಮೀಯನೇ ಇದನ್ನು ರಚಿಸಿದನೆಂಬ ಪ್ರಾಚೀನ ಸಂಪ್ರದಾಯವು ಸೆಪ್ಟುವಜಿಂಟ್ ಎಂಬ ಗ್ರೀಕ್ ಭಾಷಾಂತರದ ಮುನ್ನುಡಿಯಲ್ಲಿ ಕಂಡುಬರುತ್ತದೆ. ಯೆಹೂದ್ಯರು ಇಂದಿಗೂ ಆಲಯದ ನಾಶವನ್ನು ಸ್ಮರಿಸುವ ಆವ್ ತಿಂಗಳ ಒಂಬತ್ತನೆಯ ದಿನ ಉಪವಾಸವಿದ್ದು ಇದನ್ನು ಪಠಿಸುತ್ತಾರೆ. ಪಾಶ್ಚಾತ್ಯ ಸಭೆಯ ಪರಂಪರೆಯಲ್ಲಿ ಪವಿತ್ರ ವಾರದ ಕೊನೆಯ ಮೂರು ದಿನಗಳ ಪ್ರಾರ್ಥನೆಯಲ್ಲಿ ಇದರ ಭಾಗಗಳನ್ನು ಹಾಡುವ ವಾಡಿಕೆಯಿತ್ತು. ಎರಡು ಸಮುದಾಯಗಳೂ ತಮ್ಮ ಆರಾಧನೆಯ ವರ್ಷದಲ್ಲಿ ಅಳುವುದಕ್ಕೆಂದು ದಿನವನ್ನು ಮೀಸಲಿಟ್ಟವು ಎಂಬುದು ಗಮನಾರ್ಹ.

ಐದು ಅಧ್ಯಾಯಗಳು ಐದು ಪ್ರತ್ಯೇಕ ಪದ್ಯಗಳು. ಮೊದಲ ನಾಲ್ಕು ಅಕ್ಷರಾನುಕ್ರಮದ ಪದ್ಯಗಳಾಗಿವೆ. ಹೀಬ್ರು ವರ್ಣಮಾಲೆಯ ಅಕ್ಷರಗಳು 22. ಮೊದಲನೆಯ, ಎರಡನೆಯ ಮತ್ತು ನಾಲ್ಕನೆಯ ಅಧ್ಯಾಯಗಳಲ್ಲಿ ಅಕ್ಷರಕ್ಕೆ ಒಂದರಂತೆ 22 ವಚನಗಳಿವೆ. ನಡುವಣ ಮೂರನೆಯ ಅಧ್ಯಾಯದಲ್ಲಿ ಅಕ್ಷರಕ್ಕೆ ಮೂರರಂತೆ 66 ವಚನಗಳಿವೆ. ಐದನೆಯ ಅಧ್ಯಾಯದಲ್ಲಿಯೂ 22 ವಚನಗಳಿದ್ದರೂ ಅಕ್ಷರಗಳ ಕ್ರಮ ಮಾತ್ರ ಇಲ್ಲ.

ಗೋಳಾಡುವವನಿಗೆ ಇಂಥ ಕಟ್ಟುಪಾಡು ಏಕೆ? ನಾವು ‘ಅ’ಕಾರದಿಂದ ‘ಳ’ಕಾರದವರೆಗೆ ಎನ್ನುವಂತೆ, ದುಃಖವನ್ನು ಆದಿಯಿಂದ ಅಂತ್ಯದವರೆಗೆ, ಒಂದನ್ನೂ ಬಿಡದೆ ಹೇಳಬೇಕೆಂಬ ಸಂಕಲ್ಪ ಇಲ್ಲಿದೆ. ಜೊತೆಗೆ, ಎಲ್ಲವೂ ಚೆಲ್ಲಾಪಿಲ್ಲಿಯಾದ ಮನಸ್ಸಿಗೆ ಅಕ್ಷರಮಾಲೆಯು ಹಿಡಿದು ನಡೆಯಲು ಒಂದು ಹಗ್ಗವಾಗುತ್ತದೆ. ಮುಂದಿನ ಮಾತು ತೋಚದಿದ್ದರೂ ಮುಂದಿನ ಅಕ್ಷರ ಯಾವುದೆಂದು ತಿಳಿದಿರುತ್ತದೆ. ಸಭೆಯ ಸಮಾಧಿ ಆರಾಧನಾಕ್ರಮವೂ ಮಾಡುವ ಉಪಕಾರ ಇದೇ: ಸ್ವಂತ ಮಾತು ಸೋತವರಿಗೆ ಅದು ಪೂರ್ವಿಕರ ಮಾತನ್ನು ಸಾಲವಾಗಿ ಕೊಡುತ್ತದೆ. ಐದನೆಯ ಪದ್ಯದಲ್ಲಿ ಆ ಕ್ರಮವೂ ಕಳಚಿಬೀಳುತ್ತದೆ. ದುಃಖವು ನಾವು ಹಾಕಿದ ಪಾತ್ರೆಯಲ್ಲಿ ಸದಾ ನಿಲ್ಲುವಂಥದ್ದಲ್ಲವೆಂದು ಇದರಿಂದ ತಿಳಿಯಬಹುದು.

2. ಸಂತೈಸುವವರಿಲ್ಲದ ಪಟ್ಟಣ

ಮೊದಲನೆಯ ಪದ್ಯದಲ್ಲಿ ಯೆರೂಸಲೇಮ್ ವಿಧವೆಯಂತೆ ಒಂಟಿಯಾಗಿ ಕುಳಿತಿದ್ದಾಳೆ. ಅವಳನ್ನು ಸಂತೈಸುವವರು ಯಾರೂ ಇಲ್ಲವೆಂಬ ಮಾತು ಆ ಒಂದೇ ಅಧ್ಯಾಯದಲ್ಲಿ ಐದು ಬಾರಿ ಬರುತ್ತದೆ (1:2, 9, 16, 17, 21). ಎರಡನೆಯ ಪದ್ಯದಲ್ಲಿ ಕವಿಯೇ ಸಂತೈಸಲು ಮುಂದೆ ಬರುತ್ತಾನೆ. ಆದರೆ ಈ ನೋವಿಗೆ ಹೋಲಿಕೆ ಕೊಡಲು ತನ್ನಿಂದಾಗದೆಂದು ಒಪ್ಪಿಕೊಳ್ಳುತ್ತಾನೆ (2:13). ಅವನ ಕಣ್ಣುಮುಂದೆ ಇರುವುದು ತತ್ವದ ಪ್ರಶ್ನೆಯಲ್ಲ. ಬೀದಿಗಳಲ್ಲಿ ಹಸಿದು ತಾಯಂದಿರ ಮಡಿಲಲ್ಲಿ ಪ್ರಾಣಬಿಡುವ ಮಕ್ಕಳು (2:11-12). ಆದ್ದರಿಂದ ಅವನು ವಿವರಣೆ ಕೊಡುವುದಿಲ್ಲ. ಚೀಯೋನಿಗೆ ಅವನು ಕೊಡುವ ಸಲಹೆ ಒಂದೇ: ರಾತ್ರಿಯಲ್ಲೆಲ್ಲಾ ಎದ್ದು ಕೂಗು, ಹೃದಯವನ್ನು ನೀರಿನಂತೆ ಕರ್ತನ ಮುಂದೆ ಸುರಿ, ಮಕ್ಕಳ ಪ್ರಾಣಕ್ಕಾಗಿ ಕೈಯೆತ್ತು (2:18-19). ಅಳುವನ್ನು ನಿಲ್ಲಿಸೆಂದು ಅವನು ಹೇಳುವುದಿಲ್ಲ. ಅಳುವಿಗೆ ವಿಳಾಸವನ್ನು ತೋರಿಸುತ್ತಾನೆ. ದುಃಖದ ಗೃಹದಲ್ಲಿ ಸೇವಕನ ಪಾತ್ರವೇನೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಮಾದರಿ ಹಳೆಯ ಒಡಂಬಡಿಕೆಯಲ್ಲಿ ವಿರಳ.

ಇಲ್ಲಿ ಪಾಪದ ಪ್ರಶ್ನೆಯನ್ನೂ ಎದುರಿಸಬೇಕು. ಈ ಗ್ರಂಥವು ಜನಾಂಗದ ಪಾಪವನ್ನು ಮರೆಮಾಚುವುದಿಲ್ಲ. ಚೀಯೋನ್ ತನ್ನ ದ್ರೋಹವನ್ನು ತಾನೇ ಅರಿಕೆಮಾಡುತ್ತಾಳೆ (1:18). ಆದರೂ ಪಾಪದ ಅರಿಕೆಯು ಅವಳ ಬಾಯನ್ನು ಮುಚ್ಚಿಸುವುದಿಲ್ಲ. ಶಿಕ್ಷೆಯು ನ್ಯಾಯವಾದದ್ದೆಂದು ಒಪ್ಪಿದ ಬಾಯಿಯೇ, ನೀನು ಯಾರಿಗೆ ಹೀಗೆ ಮಾಡಿದ್ದೀ, ನೋಡು ಎಂದು ದೇವರನ್ನು ಕೇಳುತ್ತದೆ (2:20). ಮಕ್ಕಳ ಹಸಿವನ್ನು ಹಿರಿಯರ ಪಾಪದ ಲೆಕ್ಕದಲ್ಲಿ ಹೊಂದಿಸಿ ಸುಮ್ಮನಾಗಲು ಕವಿ ಒಪ್ಪುವುದಿಲ್ಲ. ಇದಲ್ಲದೆ, ಇದು ಸಂಕಟಪಟ್ಟವರು ತಮ್ಮ ವಿಷಯವಾಗಿ ತಾವೇ ಮಾಡಿದ ಅರಿಕೆಯೇ ಹೊರತು ಹೊರಗಿನವನು ಅವರ ಮೇಲೆ ಹೊರಿಸಿದ ಆರೋಪವಲ್ಲ. ಹುಟ್ಟುಕುರುಡನ ವಿಷಯದಲ್ಲಿ ಯಾರ ಪಾಪವೆಂದು ಶಿಷ್ಯರು ವಿಚಾರಿಸಿದಾಗ ಯೇಸು ಆ ಪ್ರಶ್ನೆಯನ್ನೇ ತಳ್ಳಿಹಾಕಿದನು (ಯೋಹಾನ 9:2-3). ಸಿಲೊವಾಮಿನ ಗೋಪುರ ಬಿದ್ದು ಸತ್ತವರು ಇತರರಿಗಿಂತ ಹೆಚ್ಚಿನ ಪಾಪಿಗಳಲ್ಲವೆಂದು ಸ್ಪಷ್ಟಪಡಿಸಿದನು (ಲೂಕ 13:4-5). ಅಪಘಾತದಲ್ಲಿಯೋ ಆತ್ಮಹತ್ಯೆಯಲ್ಲಿಯೋ ಮಗನನ್ನು ಕಳೆದುಕೊಂಡ ಮನೆಯಲ್ಲಿ ಈ ಎರಡು ವಾಕ್ಯಭಾಗಗಳನ್ನು ಸೇವಕನು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು.

3. ನಿರೀಕ್ಷೆಯು ಹುಟ್ಟುವ ಸ್ಥಳ

ಮೂರನೆಯ ಅಧ್ಯಾಯವು ಗ್ರಂಥದ ನಡುವಿನ ಶಿಖರ. ದೇವರ ಕರುಣೆ ದಿನದಿನವೂ ಹೊಸದಾಗುತ್ತದೆಂಬ ಅದರ 22-23ನೆಯ ವಚನಗಳು ನಮ್ಮ ಗೋಡೆಯ ಫಲಕಗಳಲ್ಲಿಯೂ ಕ್ಯಾಲೆಂಡರುಗಳಲ್ಲಿಯೂ ಅಚ್ಚಾಗಿವೆ. ಆದರೆ ಅವುಗಳನ್ನು ಸುತ್ತಲಿನ ವಚನಗಳಿಂದ ಕಿತ್ತು ತೆಗೆದರೆ ಅವುಗಳ ಬೆಲೆ ತಿಳಿಯದು.

ಅಧ್ಯಾಯವು ಸಂಕಟವನ್ನು ಕಂಡ ಒಬ್ಬ ಪುರುಷನ ಸ್ವರದಿಂದ ಆರಂಭವಾಗುತ್ತದೆ. ಕತ್ತಲೆಯಲ್ಲಿ ನಡೆಸಲ್ಪಟ್ಟದ್ದು, ಗೋಡೆ ಕಟ್ಟಿ ಸೆರೆಯಿಟ್ಟದ್ದು, ಕೂಗಿದರೂ ಪ್ರಾರ್ಥನೆ ತಡೆಯಲ್ಪಟ್ಟದ್ದು, ಹೊಂಚುಹಾಕುವ ಕರಡಿಯಂತೆ ಮೇಲೆ ಬಿದ್ದದ್ದು: ಹೀಗೆ 17 ವಚನಗಳ ತನಕ ಅವನು ದೂರುತ್ತಾನೆ. ಈ ಇಡೀ ಭಾಗದಲ್ಲಿ ದೇವರ ಹೆಸರು ಒಮ್ಮೆಯೂ ಬರುವುದಿಲ್ಲ. ‘ಆತನು’ ಎಂಬ ಸರ್ವನಾಮ ಮಾತ್ರ ಇದೆ. ನೊಂದವನು ತನಗೆ ನೋವು ಕೊಟ್ಟವನ ಹೆಸರನ್ನು ಬಾಯಿಂದ ಎತ್ತಲಾರದೆ ಇದ್ದಾನೆ. 18ನೆಯ ವಚನದಲ್ಲಿ ಅವನು ತನ್ನ ಬಲವೂ ನಿರೀಕ್ಷೆಯೂ ಅಳಿದುಹೋದವೆಂದು ಘೋಷಿಸುತ್ತಾನೆ. ಆದರೆ ಆ ನಿರೀಕ್ಷೆ ಯಾರಿಂದ ಬಂದದ್ದೆಂದು ಹೇಳುವಾಗ ಯೆಹೋವನ ಹೆಸರು ಅಧ್ಯಾಯದಲ್ಲಿ ಪ್ರಥಮವಾಗಿ ಅವನ ತುಟಿಗೆ ಬರುತ್ತದೆ. ನಿರೀಕ್ಷೆ ಸತ್ತಿತೆಂದು ಹೇಳುವ ವಾಕ್ಯದಲ್ಲಿಯೇ ಆ ನಿರೀಕ್ಷೆಯ ಒಡೆಯನು ಹೆಸರಿನಿಂದ ಕರೆಯಲ್ಪಡುತ್ತಾನೆ.

ಮುಂದಿನ ತಿರುವು ಇಲ್ಲಿಂದ ಆಗುತ್ತದೆ. 18ನೆಯ ವಚನದ ‘ನಿರೀಕ್ಷೆ’ ಎಂಬ ಪದವೂ 21 ಮತ್ತು 24ನೆಯ ವಚನಗಳ ‘ನಿರೀಕ್ಷಿಸುವೆನು’ ಎಂಬ ಪದವೂ ಹೀಬ್ರು ಭಾಷೆಯಲ್ಲಿ ಒಂದೇ ಧಾತುವಿನಿಂದ ಬಂದವು. ಕಳೆದುಹೋಯಿತೆಂದದ್ದು ಮೂರು ವಚನಗಳಾಚೆ ಮರಳಿ ಸಿಕ್ಕಿದೆ. ನಡುವೆ ಹೊರಗಿನ ಪರಿಸ್ಥಿತಿ ಏನೂ ಬದಲಾಗಿಲ್ಲ. ಗೋಡೆಗಳು ಬಿದ್ದಿವೆ, ಆಲಯವು ಬೂದಿಯಾಗಿದೆ. ಬದಲಾದದ್ದು ಒಂದೇ: ಅವನು ಒಂದು ಸಂಗತಿಯನ್ನು ಹೃದಯಕ್ಕೆ ಮರಳಿ ತಂದುಕೊಂಡಿದ್ದಾನೆ. ಆ ಸಂಗತಿಯನ್ನು ಅವನು ಮೂರು ಪದಗಳಲ್ಲಿ ಹೇಳುತ್ತಾನೆ. ‘ಹೆಸೆದ್’ ಎಂದರೆ ಒಡಂಬಡಿಕೆಗೆ ಕಟ್ಟುಬಿದ್ದ ಅಚಲವಾದ ಪ್ರೀತಿ. ‘ರಹಮೀಮ್’ ಎಂದರೆ ಕನಿಕರ. ತಾಯಿಯ ಗರ್ಭವನ್ನು ಸೂಚಿಸುವ ‘ರೆಹೆಮ್’ ಎಂಬ ಪದಕ್ಕೆ ಇದು ಸಂಬಂಧಪಟ್ಟಿದೆ. ‘ಎಮೂನಾ’ ಎಂದರೆ ನೆಚ್ಚಿ ನಿಲ್ಲಬಹುದಾದ ನಂಬಿಗಸ್ತಿಕೆ. ಈ ಮೂರೂ ಮನುಷ್ಯನ ಮನೋಭಾವಗಳಲ್ಲ, ದೇವರ ಗುಣಗಳು. ಆದುದರಿಂದ ಸತ್ಯವೇದದ ನಿರೀಕ್ಷೆಯು ಆಶಾವಾದಕ್ಕಿಂತ ಬೇರೆಯಾದದ್ದು. ಆಶಾವಾದವು ಪರಿಸ್ಥಿತಿಯನ್ನು ನೋಡಿ ನಾಳೆ ಒಳ್ಳೆಯದಾಗಬಹುದೆಂದು ಅಂದಾಜು ಮಾಡುತ್ತದೆ. ನಿರೀಕ್ಷೆಯು ಪರಿಸ್ಥಿತಿ ಸುಳ್ಳಾಗಿಸಲಾರದ ದೇವರ ಸ್ವಭಾವವನ್ನು ಹಿಡಿದುಕೊಳ್ಳುತ್ತದೆ.

ಇದೇ ಭಾಗದಲ್ಲಿ, ಮನುಷ್ಯರನ್ನು ಬಾಧಿಸುವುದು ದೇವರ ಹೃದಯದಿಂದ ಬರುವ ಕಾರ್ಯವಲ್ಲವೆಂಬ ಅಮೂಲ್ಯವಾದ ಮಾತು ಇದೆ (3:33). ದೇವರ ಹೃದಯಕ್ಕೂ ದೇವರ ಕೈಯ ಕಠಿಣ ಕಾರ್ಯಕ್ಕೂ ನಡುವೆ ಕವಿ ಅಂತರವನ್ನು ಕಾಣುತ್ತಾನೆ. ಅವನು ಅದನ್ನು ಸಿದ್ಧಾಂತವಾಗಿ ಬೆಳೆಸುವುದಿಲ್ಲ. ಆದರೆ ಇದು ದೇವರ ಚಿತ್ತ ಎಂದು ನಾವು ಮರಣದ ಮನೆಯಲ್ಲಿ ಸಲೀಸಾಗಿ ಹೇಳುವ ಮುಂಚೆ ಈ ವಚನದ ಎದುರು ಒಂದು ಕ್ಷಣ ನಿಲ್ಲುವುದು ಒಳ್ಳೆಯದು.

4. ಮುಗಿಯದ ಅಂತ್ಯ

ನಿರೀಕ್ಷೆಯ ಶಿಖರವನ್ನು ಮುಟ್ಟಿದ ಮೇಲೆ ಗ್ರಂಥವು ಅಲ್ಲಿಯೇ ಮುಗಿಯಬಹುದಿತ್ತು. ಅದು ಮುಗಿಯುವುದಿಲ್ಲ. ಅದೇ ಅಧ್ಯಾಯದಲ್ಲಿ, ಪ್ರಾರ್ಥನೆ ದಾಟಲಾರದಂತೆ ದೇವರು ಮೋಡವನ್ನು ಮರೆಮಾಡಿಕೊಂಡಿದ್ದಾನೆಂಬ ದೂರು ಮರಳಿ ಕೇಳಿಸುತ್ತದೆ (3:44). ನಾಲ್ಕನೆಯ ಪದ್ಯದಲ್ಲಿ ಕ್ಷಾಮದ ಅತಿ ಭೀಕರ ಚಿತ್ರಗಳು ಬರುತ್ತವೆ. ಐದನೆಯದು ಸಮುದಾಯದ ಪ್ರಾರ್ಥನೆ: ಕುಡಿಯುವ ನೀರಿಗೂ ಉರಿಸುವ ಸೌದೆಗೂ ಹಣ ತೆರಬೇಕಾಗಿ ಬಂದ ಜನರ ಮೊರೆ (5:4). ದೇವರ ಸಿಂಹಾಸನವು ಶಾಶ್ವತವೆಂದು ಅದು ಅರಿಕೆಮಾಡಿ, ಹಾಗಿದ್ದರೆ ನಮ್ಮನ್ನು ಇಷ್ಟು ಕಾಲ ಮರೆತದ್ದೇಕೆಂದು ಕೇಳಿ, ನಮ್ಮನ್ನು ತಿರುಗಿಸೆಂದು ಬೇಡಿ, ಕಟ್ಟಕಡೆಗೆ ದೇವರು ತಮ್ಮನ್ನು ಪೂರ್ತಿಯಾಗಿ ತಳ್ಳಿಬಿಟ್ಟಿರಬಹುದೇ ಎಂಬ ಭಯದಲ್ಲಿ ನಿಂತುಬಿಡುತ್ತದೆ (5:19-22). ಯೆಹೂದ್ಯರು ಇದನ್ನು ಸಾರ್ವಜನಿಕವಾಗಿ ಓದುವಾಗ ಕೊನೆಯ ವಚನದಲ್ಲಿ ನಿಲ್ಲಲಾರದೆ 21ನೆಯ ವಚನವನ್ನು ಪುನಃ ಓದಿ ಮುಗಿಸುತ್ತಾರೆ. ಆದರೆ ಗ್ರಂಥದಲ್ಲಿ ಕೊನೆಯ ವಚನ ಹಾಗೆಯೇ ಉಳಿದಿದೆ. ಇಡೀ ಗ್ರಂಥದಲ್ಲಿ ದೇವರು ನೇರವಾಗಿ ಉತ್ತರಿಸುವುದಿಲ್ಲ. ಭಯಪಡಬೇಡವೆಂದು ಆತನು ಹಿಂದೆ ಹೇಳಿದ್ದ ಮಾತಿನ ನೆನಪು ಮಾತ್ರ ಒಂದು ಕಡೆ ಇದೆ (3:57).

ಸಭೆಯು ಈ ಮುಗಿಯದ ಗ್ರಂಥವನ್ನು ಪವಿತ್ರ ಶಾಸ್ತ್ರವಾಗಿ ಸ್ವೀಕರಿಸಿದೆ. ಅಂದರೆ ಉತ್ತರ ದೊರೆಯದ ಪ್ರಾರ್ಥನೆಯೂ ದೇವರ ವಾಕ್ಯದೊಳಗೆ ಸ್ಥಾನ ಪಡೆದಿದೆ. ನಿರೀಕ್ಷೆಯನ್ನು ಅರಿಕೆಮಾಡಿದ ವಿಶ್ವಾಸಿ ಮರುವಾರ ಮತ್ತೆ ಕುಸಿದುಬಿದ್ದರೆ ಅವನ ನಂಬಿಕೆ ಸುಳ್ಳಾಗಿತ್ತೆಂದು ಅರ್ಥವಲ್ಲ. ದುಃಖವು ಮೆಟ್ಟಿಲುಗಳನ್ನು ಒಂದೊಂದಾಗಿ ಏರುವುದಿಲ್ಲ, ಅಲೆಗಳಂತೆ ಬಂದು ಹೋಗುತ್ತದೆ.

ಆದರೂ ಶಾಸ್ತ್ರದಲ್ಲಿ ಈ ಮೊರೆಗೆ ಪ್ರತಿಧ್ವನಿ ಇಲ್ಲದಿಲ್ಲ. ಸೆರೆವಾಸದ ಕೊನೆಯ ವರ್ಷಗಳಿಗೆ ಸೇರಿದ್ದೆಂದು ಹಲವು ವಿದ್ವಾಂಸರು ಎಣಿಸುವ ಯೆಶಾಯ 40ನೆಯ ಅಧ್ಯಾಯವು ಸಂತೈಸುವ ಆಜ್ಞೆಯಿಂದಲೇ ಆರಂಭವಾಗುತ್ತದೆ, ಅದೂ ಇಮ್ಮಡಿಯಾಗಿ. ಸಂತೈಸುವವರಿಲ್ಲವೆಂದು ಗೋಳಾಡಿದ ಪಟ್ಟಣಕ್ಕೆ ದೇವರೇ ಸಂತೈಸುವವನಾಗಿ ಬರುತ್ತಾನೆ. ದೇವರು ತಮ್ಮನ್ನು ಮರೆತು ಕೈಬಿಟ್ಟನೆಂಬ ಪ್ರಲಾಪ 5:20ರ ಆಪಾದನೆಯನ್ನು ಯೆಶಾಯ 49:14 ಚೀಯೋನಿನ ಬಾಯಿಂದ ಪುನಃ ಹೇಳಿಸುತ್ತದೆ. ಮುಂದಿನ ವಚನವು ಮೊಲೆಕೂಸನ್ನು ಹೆತ್ತತಾಯಿ ಮರೆಯುವಳೇ ಎಂಬ ಹೋಲಿಕೆಯಿಂದ ಉತ್ತರ ಕೊಡುತ್ತದೆ. ದೇವರು ಆ ಆಪಾದನೆಯನ್ನು ದೇವದೂಷಣೆಯೆಂದು ಎಣಿಸಲಿಲ್ಲ. ಅದನ್ನು ಕೇಳಿಸಿಕೊಂಡು, ನೆನಪಿನಲ್ಲಿಟ್ಟು, ಅದಕ್ಕೇ ಉತ್ತರಿಸಿದನು. ಪ್ರಲಾಪವಿಲ್ಲದಿದ್ದರೆ ಆ ಸಂತೈಸುವಿಕೆಗೆ ಕಿವಿಯೇ ಇರುತ್ತಿರಲಿಲ್ಲ.

5. ಕ್ರಿಸ್ತನಲ್ಲಿ ಪ್ರಲಾಪ ಮತ್ತು ನಿರೀಕ್ಷೆ

ಪುನರುತ್ಥಾನವಾದ ಮೇಲೆ ಪ್ರಲಾಪಕ್ಕೆ ಎಡೆಯಿಲ್ಲವೆಂದು ಕೆಲವರು ವಾದಿಸಬಹುದು. ಸುವಾರ್ತೆಗಳು ಈ ವಾದವನ್ನು ಸಮರ್ಥಿಸುವುದಿಲ್ಲ. ಬೇಥಾನ್ಯದಲ್ಲಿ ಮಾರ್ಥಳೂ ಮರಿಯಳೂ ಯೇಸುವಿಗೆ ಒಂದೇ ಮಾತನ್ನು ಹೇಳುತ್ತಾರೆ: ಆತನು ಇಲ್ಲಿ ಇದ್ದಿದ್ದರೆ ತಮ್ಮನು ಸಾಯುತ್ತಿರಲಿಲ್ಲವೆಂದು (ಯೋಹಾನ 11:21, 32). ಮಾರ್ಥಳಿಗೆ ಆತನು ಪುನರುತ್ಥಾನದ ಬೋಧನೆಯನ್ನು ಕೊಡುತ್ತಾನೆ, ಮರಿಯಳೊಂದಿಗೆ ಅಳುತ್ತಾನೆ. ಲಾಜರನನ್ನು ಎಬ್ಬಿಸುವೆನೆಂದು ತಿಳಿದಿದ್ದವನೇ ಅತ್ತನು. ಆದ್ದರಿಂದ ಪುನರುತ್ಥಾನದ ಅರಿವು ಕಣ್ಣೀರಿಗೆ ವಿರೋಧಿಯಾಗಲಾರದು. ಒಂದೇ ಮಾತಿಗೆ ಇಬ್ಬರಿಗೆ ಎರಡು ಉತ್ತರಗಳು ದೊರೆತವೆಂಬುದನ್ನೂ ಪಾಲಕರು ಗಮನಿಸಬೇಕು.

ಶಿಲುಬೆಯ ಮೇಲೆ ಕರ್ತನು 22ನೆಯ ಕೀರ್ತನೆಯ ಮೊದಲ ಮಾತನ್ನು ತನ್ನ ಮೊರೆಯಾಗಿ ಮಾಡಿಕೊಂಡನು (ಮಾರ್ಕ 15:34). ಕೈಬಿಡಲ್ಪಟ್ಟವರ ಪ್ರಶ್ನೆಯನ್ನು ದೇವಕುಮಾರನು ತನ್ನ ಬಾಯಿಂದಲೇ ಕೇಳಿದನು. ಇಬ್ರಿಯರಿಗೆ ಬರೆದ ಪತ್ರಿಕೆಯು ಆತನು ಮಹಾಕೂಗಿನಿಂದಲೂ ಕಣ್ಣೀರಿನಿಂದಲೂ ಪ್ರಾರ್ಥಿಸಿದ್ದನ್ನು ಆತನ ಯಾಜಕತ್ವದ ಭಾಗವೆಂದೇ ಎಣಿಸುತ್ತದೆ (5:7). ಈಗ ಪ್ರಲಾಪಿಸುವವನು ದೇವರಿಂದ ದೂರ ನಿಂತು ಕೂಗುವುದಿಲ್ಲ. ಕ್ರಿಸ್ತನ ಕೂಗಿನೊಳಗೆ ನಿಂತು ಕೂಗುತ್ತಾನೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಸತ್ಯವನ್ನು ಜೀವನದಲ್ಲಿಯೇ ಕಂಡುಕೊಂಡವರು ಯೂರ್ಗೆನ್ ಮೊಲ್ಟ್‌ಮನ್. 1943ರ ಜುಲೈ ತಿಂಗಳಲ್ಲಿ ಹ್ಯಾಂಬರ್ಗ್ ಪಟ್ಟಣವು ಬಾಂಬುದಾಳಿಯಿಂದ ಉರಿದಾಗ ಹದಿಹರೆಯದ ಅವರ ಪಕ್ಕದಲ್ಲಿಯೇ ನಿಂತಿದ್ದ ಗೆಳೆಯನು ಸತ್ತನು, ಅವರು ಉಳಿದರು. ದೇವಭಕ್ತಿಯ ಹಿನ್ನೆಲೆಯಿಲ್ಲದ ಅವರು ಅಂದು ದೇವರು ಎಲ್ಲಿದ್ದಾನೆಂದು ಕೂಗಿದರು. ಮುಂದೆ ಯುದ್ಧಕೈದಿಯಾಗಿ ಸ್ಕಾಟ್ಲೆಂಡಿನ ಶಿಬಿರದಲ್ಲಿದ್ದಾಗ ಸೇನೆಯ ಪಾದ್ರಿಯೊಬ್ಬರು ಕೊಟ್ಟ ಸತ್ಯವೇದದಲ್ಲಿ 39ನೆಯ ಕೀರ್ತನೆಯನ್ನೂ ಮಾರ್ಕನ ಸುವಾರ್ತೆಯ ಶ್ರಮೆಯ ವೃತ್ತಾಂತವನ್ನೂ ಓದಿದರು. ಅವರ ಮನಸ್ಸನ್ನು ಮುಟ್ಟಿದ್ದು ವಿಜಯದ ಗೀತೆಯಲ್ಲ. ಮೊದಲು ಒಂದು ಪ್ರಲಾಪದ ಕೀರ್ತನೆ, ಆಮೇಲೆ ಕೈಬಿಡಲ್ಪಟ್ಟ ಯೇಸುವಿನ ಮೊರೆ. ತನ್ನನ್ನು ಅರ್ಥಮಾಡಿಕೊಳ್ಳುವವನೊಬ್ಬನು ಇದ್ದಾನೆಂದು ಅವರು ಅಲ್ಲಿ ಕಂಡುಕೊಂಡರು. 1964ರಲ್ಲಿ ಪ್ರಕಟವಾದ ‘ನಿರೀಕ್ಷೆಯ ದೈವಶಾಸ್ತ್ರ’ವೂ 1972ರ ‘ಶಿಲುಬೆಗೇರಿಸಲ್ಪಟ್ಟ ದೇವರು’ ಎಂಬ ಕೃತಿಯೂ ಒಂದೇ ಬೇರಿನ ಎರಡು ಕೊಂಬೆಗಳು. ಶಿಲುಬೆಯನ್ನು ಬಿಟ್ಟ ನಿರೀಕ್ಷೆ ಭ್ರಮೆಯಾಗುತ್ತದೆ. ನಿರೀಕ್ಷೆಯಿಲ್ಲದ ಶಿಲುಬೆ ಹತಾಶೆಯಾಗುತ್ತದೆ.

ಶುಭ ಶುಕ್ರವಾರಕ್ಕೂ ಪುನರುತ್ಥಾನದ ಭಾನುವಾರಕ್ಕೂ ನಡುವೆ ಒಂದು ಶನಿವಾರವಿದೆ. ಲೂಕನು ಆ ದಿನದ ವಿಷಯವಾಗಿ ಹೇಳುವುದು ಒಂದೇ ಮಾತು: ಸ್ತ್ರೀಯರು ಧರ್ಮಶಾಸ್ತ್ರದ ಆಜ್ಞೆಯಂತೆ ವಿಶ್ರಮಿಸಿದರು (ಲೂಕ 23:56). ಸಮಾಧಿ ಮುಚ್ಚಿದೆ; ನಾಳೆ ಏನಾಗುವುದೆಂದು ಅವರಿಗೆ ತಿಳಿಯದು; ಆದರೂ ಅವರು ಆಜ್ಞೆಯನ್ನು ಕೈಗೊಂಡು ಕಾದಿದ್ದಾರೆ, ಸುಗಂಧದ್ರವ್ಯಗಳನ್ನು ಸಿದ್ಧಮಾಡಿಟ್ಟಿದ್ದಾರೆ. ಪ್ರಿಯರನ್ನು ಕಳೆದುಕೊಂಡ ಅನೇಕರು ಬಾಳುವುದು ಈ ಶನಿವಾರದಲ್ಲಿಯೇ. ಅವರಿಗೆ ಶನಿವಾರವನ್ನು ನಿರಾಕರಿಸುವ ಅಧಿಕಾರ ನಮಗಿಲ್ಲ. ಶನಿವಾರವೇ ಕಡೆಯ ದಿನವಲ್ಲವೆಂದು ಸಾರುವ ಅಧಿಕಾರ ಮಾತ್ರ ಇದೆ.

ಭಾನುವಾರ ಬಂದಾಗಲೂ ಗಾಯಗಳು ಮಾಯವಾಗಲಿಲ್ಲ. ಎದ್ದುಬಂದ ಕರ್ತನು ತೋಮನಿಗೆ ತನ್ನ ಕೈಗಳನ್ನೂ ಪಕ್ಕೆಯನ್ನೂ ತೋರಿಸಿದನು (ಯೋಹಾನ 20:27). ಮಹಿಮೆಹೊಂದಿದ ದೇಹದಲ್ಲಿ ಗಾಯದ ಗುರುತುಗಳಿಗೂ ಸ್ಥಳವಿತ್ತು. ಆದ್ದರಿಂದ ಕ್ರೈಸ್ತ ನಿರೀಕ್ಷೆಯು ಕಳೆದುಕೊಂಡದ್ದನ್ನು ಮರೆಯುವುದಲ್ಲ. ಹೊಸ ಯೆರೂಸಲೇಮಿನಲ್ಲಿ ದೇವರು ಕಣ್ಣೀರನ್ನು ಒರಸುವನೆಂಬ ವಾಗ್ದಾನವನ್ನೂ ಹೀಗೆಯೇ ತಿಳಿಯಬೇಕು (ಪ್ರಕಟನೆ 21:4): ಒರಸಬೇಕಾದರೆ ಅಲ್ಲಿಯ ತನಕ ಆ ಕಣ್ಣೀರು ಕೆನ್ನೆಯ ಮೇಲೆ ಇರುತ್ತದೆ, ಆತನೇ ಅದನ್ನು ಮುಟ್ಟುತ್ತಾನೆ. ಆ ದಿನದವರೆಗೆ ಸೃಷ್ಟಿಯೂ, ನಾವೂ, ನಮ್ಮೊಳಗಿರುವ ಆತ್ಮನೂ ನರಳುತ್ತಿರುವುದಾಗಿ ಪೌಲನು ರೋಮಾಪುರದ ಸಭೆಗೆ ಬರೆಯುತ್ತಾನೆ (8:22-26). ಹೆರಿಗೆಯ ನೋವೆಂಬ ಅವನ ಹೋಲಿಕೆಯಲ್ಲಿ ನರಳಾಟವೂ ನಿರೀಕ್ಷೆಯೂ ಒಂದೇ ಉಸಿರಿನಲ್ಲಿವೆ.

6. ಪಾಲನಾ ಸೇವೆಗೆ ಕೆಲವು ಸೂಚನೆಗಳು

ಮೊದಲನೆಯದಾಗಿ, ಮಾತಿಗೆ ಮುಂಚೆ ಕಿವಿ. ಎಮ್ಮಾಹುವಿನ ದಾರಿಯಲ್ಲಿ ಇಬ್ಬರು ಶಿಷ್ಯರು ತಮ್ಮ ನಿರೀಕ್ಷೆಯನ್ನು ಭೂತಕಾಲದಲ್ಲಿ ಹೇಳಿಕೊಳ್ಳುತ್ತಾರೆ (ಲೂಕ 24:21). ಎಲ್ಲವನ್ನೂ ಬಲ್ಲ ಕರ್ತನು ಏನು ನಡೆಯಿತೆಂದು ಕೇಳಿ, ಅವರ ಕಥೆಯನ್ನು ಕೊನೆಯವರೆಗೆ ಆಲಿಸಿದ ಮೇಲೆಯೇ ಶಾಸ್ತ್ರವನ್ನು ಬಿಚ್ಚಿದನು. ಯೋಬನ ಸ್ನೇಹಿತರು ಏಳು ದಿನ ಮೌನವಾಗಿ ನೆಲದ ಮೇಲೆ ಕುಳಿತಿದ್ದಷ್ಟು ಕಾಲ ಒಳ್ಳೆಯ ಪಾಲಕರಾಗಿದ್ದರು (ಯೋಬ 2:13). ವಿವರಣೆಗೆ ತೊಡಗಿದ ಮೇಲೆ ದೇವರ ಕೋಪಕ್ಕೆ ಗುರಿಯಾದರು (42:7). ದೇವರನ್ನು ಸಮರ್ಥಿಸಿದವರನ್ನು ಗದರಿಸಿ, ದೇವರೊಡನೆ ವಾದಿಸಿದ ಯೋಬನನ್ನು ಆತನು ಮೆಚ್ಚಿದನು.

ಎರಡನೆಯದಾಗಿ, ಪ್ರಲಾಪವನ್ನು ಭಾನುವಾರದ ಆರಾಧನೆಗೆ ಮರಳಿ ತರಬೇಕು. ಕೀರ್ತನೆಗಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಪ್ರಲಾಪಗಳೇ ಆಗಿವೆ. 88ನೆಯದು ಕತ್ತಲೆಯಲ್ಲಿಯೇ ಮುಗಿಯುತ್ತದೆ. ಆದರೆ ಸಭೆಯಲ್ಲಿ ಹೆಚ್ಚಾಗಿ ಓದುವುದೂ ಹಾಡುವುದೂ ಸ್ತೋತ್ರದ ಕೀರ್ತನೆಗಳನ್ನು. 1986ರ ಒಂದು ಪ್ರಸಿದ್ಧ ಲೇಖನದಲ್ಲಿ ವಾಲ್ಟರ್ ಬ್ರೂಗಮನ್ ಅವರು, ಪ್ರಲಾಪವನ್ನು ಕಳೆದುಕೊಂಡ ಆರಾಧನೆಯಲ್ಲಿ ದೇವರೊಂದಿಗಿನ ನಿಜವಾದ ಒಡಂಬಡಿಕೆಯ ಸಂಭಾಷಣೆಯೂ ನ್ಯಾಯದ ಪ್ರಶ್ನೆಯೂ ಕ್ಷೀಣಿಸುತ್ತವೆಂದು ಎಚ್ಚರಿಸಿದರು. ಸಂತೋಷದ ದಿನಗಳಲ್ಲಿ ಪ್ರಲಾಪದ ಭಾಷೆಯನ್ನು ಕಲಿಯದ ಸಭೆಗೆ ದುಃಖದ ದಿನದಲ್ಲಿ ಮಾತು ಹುಟ್ಟುವುದಿಲ್ಲ.

ಕನ್ನಡ ನಾಡಿನ ನಮಗೆ ಈ ಭಾಷೆ ಹೊರಗಿನದಲ್ಲ. ಸತ್ತವರ ಗುಣಗಳನ್ನು ಎಣಿಸಿ ಹೆಂಗಸರು ಹಾಡಿಕೊಂಡು ಅಳುವ ಪದ್ಧತಿಯನ್ನು ನಮ್ಮ ಹಳ್ಳಿಗಳು ಬಲ್ಲವು. ಯೆರೆಮೀಯನೂ ಗೋಳಾಡುವ ಸ್ತ್ರೀಯರನ್ನು ಕರೆಯಿಸಿ, ಅವರು ತಮ್ಮ ಹೆಣ್ಣುಮಕ್ಕಳಿಗೆ ಶೋಕಗೀತವನ್ನು ಕಲಿಸಲೆಂದು ಬಯಸಿದನು (ಯೆರೆಮೀಯ 9:17-20). ಆ ಅಳುವನ್ನು ಅವಿಶ್ವಾಸವೆಂದು ತಡೆಯುವ ಬದಲು, ಅದನ್ನು ದೇವರ ಕಡೆಗೆ ತಿರುಗಿಸುವುದು ನಮ್ಮ ಸೇವೆ.

ಮೂರನೆಯದಾಗಿ, ದುಃಖಕ್ಕೆ ಅದರ ಕಾಲವನ್ನು ಕೊಡಬೇಕು. 2020 ಮತ್ತು 2021ರ ಮಹಾಮಾರಿಯ ದಿನಗಳಲ್ಲಿ ಅನೇಕ ಕುಟುಂಬಗಳಿಗೆ ತೀರಿಹೋದವರ ಮುಖವನ್ನು ನೋಡುವುದಕ್ಕೂ ಸಮಾಧಿಗೆ ಹಿಡಿ ಮಣ್ಣು ಹಾಕುವುದಕ್ಕೂ ಅವಕಾಶವಾಗಲಿಲ್ಲ. ಅಂದು ಅಳಲಾಗದೆ ಉಳಿದ ಅಳು ಇಂದಿಗೂ ಕೆಲವು ಮನೆಗಳಲ್ಲಿ ಬಾಕಿಯಿದೆ. ಅಂಥವರ ಹೆಸರುಗಳನ್ನು ಸಭೆಯ ಮುಂದೆ ಓದಿ, ಪ್ರಲಾಪದ ಕೀರ್ತನೆಯೊಂದನ್ನು ಒಟ್ಟಾಗಿ ಪ್ರಾರ್ಥಿಸುವ ಸ್ಮರಣೆಯ ಆರಾಧನೆಯನ್ನು ಪವಿತ್ರ ಶನಿವಾರದಂದೋ, ನವೆಂಬರ್ 2ರ ಮೃತರ ಸ್ಮರಣೆಯಂದೋ ನಡೆಸಬಹುದು. ಸಮಾಧಿಯ ದಿನ ನೆರೆಯುವ ಜನ ಚದುರಿದ ನಂತರದ ತಿಂಗಳುಗಳಲ್ಲಿ ಪಾಲಕನು ಒಬ್ಬನೇ ಹೋಗಿ ಬಾಗಿಲು ತಟ್ಟುವ ಭೇಟಿಗೆ ಯಾವ ಪ್ರಸಂಗವೂ ಸಮವಾಗದು.

ನಾಲ್ಕನೆಯದಾಗಿ, ಅನ್ಯಾಯದಿಂದ ಬಂದ ನಷ್ಟವನ್ನು ವಿಧಿಯೆಂದು ಒಪ್ಪಿಸಬಾರದು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಅವರು ಮಾಡಿದ ಭಾಷಣದಿಂದ ಬೆಳೆದ ದಲಿತ ದೈವಶಾಸ್ತ್ರವು ನೋವಿನ ಅನುಭವವನ್ನೇ ದೇವರ ಅರಿವಿನ ದ್ವಾರವೆಂದು ಪರಿಗಣಿಸಿತು. ಅವರು ಮಾದರಿಯಾಗಿ ತೆಗೆದುಕೊಂಡ ಧರ್ಮೋಪದೇಶಕಾಂಡ 26:5-9ರ ಅರಿಕೆಯ ನಡುವೆ ದಬ್ಬಾಳಿಕೆಗೆ ಒಳಗಾದವರ ಮೊರೆ ಇದೆ, ಆ ಮೊರೆಯನ್ನು ಕೇಳಿದ ದೇವರಿದ್ದಾನೆ. ಪ್ರಲಾಪವು ಸೋತವರ ನಿಟ್ಟುಸಿರಲ್ಲ. ಲೋಕವು ಹೀಗೆ ಇರಬಾರದೆಂದು ದೇವರ ನ್ಯಾಯಾಸನದ ಮುಂದೆ ಸಲ್ಲಿಸುವ ಅರ್ಜಿ.

ಕೊನೆಯದಾಗಿ, ಈ ಎಲ್ಲ ಎಚ್ಚರಿಕೆಗಳು ಪುನರುತ್ಥಾನದ ಸಾಕ್ಷಿಯನ್ನು ಮೆಲ್ಲಗಾಗಿಸುವುದಕ್ಕಲ್ಲ. ಸಮಾಧಿಯ ಅಂಚಿನಲ್ಲಿ ಸೇವಕನು ಅನುಕಂಪದ ಮಾತುಗಳಲ್ಲಿಯೇ ನಿಂತುಬಿಟ್ಟರೆ ಸಭೆಯು ಅವನಿಗೆ ಒಪ್ಪಿಸಿದ ನಿಧಿಯನ್ನು ಅವನು ಮುಚ್ಚಿಟ್ಟಂತಾಗುತ್ತದೆ. ಮರಣವು ಮಿತ್ರನಲ್ಲ, ಕಡೆಯ ಶತ್ರು. ಆ ಶತ್ರುವು ಸೋಲಲೇಬೇಕು (1 ಕೊರಿಂಥ 15:26). ಮರಣವನ್ನು ಶತ್ರುವೆಂದು ಕರೆಯುವ ಧೈರ್ಯವಿದ್ದಲ್ಲಿ ಮಾತ್ರ ಪ್ರಲಾಪವೂ ಪ್ರಾಮಾಣಿಕವಾಗುತ್ತದೆ, ನಿರೀಕ್ಷೆಯೂ ಪ್ರಾಮಾಣಿಕವಾಗುತ್ತದೆ.

ಉಪಸಂಹಾರ

ಥೆಸಲೋನಿಕದವರಿಗೆ ಪುನರುತ್ಥಾನದ ನಿರೀಕ್ಷೆಯನ್ನು ವಿವರಿಸಿದ ಪೌಲನು, ಆ ಭಾಗವನ್ನು ಒಬ್ಬರನ್ನೊಬ್ಬರು ಸಂತೈಸುವ ಆಜ್ಞೆಯಿಂದ ಮುಗಿಸುತ್ತಾನೆ (1 ಥೆಸಲೋನಿಕ 4:18). ಸಂತೈಸುವವರಿಲ್ಲವೆಂಬ ಚೀಯೋನಿನ ಗೋಳಿಗೆ ದೇವರು ಕ್ರಿಸ್ತನಲ್ಲಿ ಕೊಟ್ಟ ಉತ್ತರವು ಸಭೆಯ ಕೈಗಳ ಮೂಲಕವೇ ಒಂದೊಂದು ಮನೆಯನ್ನು ತಲುಪಬೇಕಾಗಿದೆ. ಸಂತೈಸುವುದೆಂದರೆ ದುಃಖವನ್ನು ಅಳಿಸುವುದಲ್ಲ, ದುಃಖದಲ್ಲಿರುವವನನ್ನು ಒಂಟಿಯಾಗಿ ಬಿಡದಿರುವುದು. ಅವನು ಇನ್ನೂ ನಂಬಲಾರದಿರುವಾಗ ಅವನ ಪರವಾಗಿ ಸಭೆಯು ನಂಬುವುದು, ಅವನು ಹಾಡಲಾರದಿರುವಾಗ ಅವನ ಪಕ್ಕದಲ್ಲಿ ನಿಂತು ಹಾಡುವುದು. ಏಖಾ ಎಂದು ಅಳಲು ಬಲ್ಲ ಸಭೆಗೆ ಹಲ್ಲೆಲೂಯಾ ಎಂದು ಹಾಡುವ ಅರ್ಹತೆಯೂ ಇದೆ. ಎರಡನ್ನೂ ಒಂದೇ ಬಾಯಿಂದ ಕಲಿಸುವ ಸೇವೆಗಾಗಿಯೇ ನಾವು ಕರೆಯಲ್ಪಟ್ಟಿದ್ದೇವೆ.